ಟಫಮಿಡಿಸ್: ಅನುಮತಿ ಸಿಕ್ಕ ಔಷಧಿಗೆ ವರ್ಷಗಟ್ಟಲೆ ನಿಗಾ ಏಕೆ?

ಪ್ರಶ್ನೆ: ಬ್ರಹ್ಮಾವರದಿಂದ

ನನ್ನ ಮಾವನವರಿಗೆ 76 ವರ್ಷ. ಕೆಲವು ವರ್ಷಗಳ ಹಿಂದೆ ಎರಡೂ ಮಣಿಕಟ್ಟುಗಳಲ್ಲಿ ನರ ಒತ್ತಿಹೋಗಿ ಶಸ್ತ್ರಚಿಕಿತ್ಸೆಯಾಗಿತ್ತು. ಈಚೆಗೆ ಏದುಸಿರು, ಕಾಲಿನ ಬಾವು ಹೆಚ್ಚಿದಾಗ ರಕ್ತ, ಮೂತ್ರ ಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿ, ಇದು ಟ್ರಾನ್ಸ್‌ಥೈರೆಟಿನ್ ಅಮೈಲಾಯ್ಡ್ ಎಂಬ ಅಪರೂಪದ ಹೃದಯಸ್ನಾಯು ರೋಗವೆಂದು ಹೇಳಿದರು. ದಿನಕ್ಕೊಂದು ಟಫಮಿಡಿಸ್ 61 ಮಿ.ಗ್ರಾಂ. ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ಜೊತೆಗೆ, ಔಷಧಿಯ ದೀರ್ಘಕಾಲದ ಸುರಕ್ಷತೆಯನ್ನು ಗಮನಿಸುವ ನೋಂದಣಿಯೊಂದಕ್ಕೆ ಒಪ್ಪಿಗೆಯ ಸಹಿ ಕೇಳಿದ್ದಾರೆ. ಅತ್ತೆಯವರು, "ಔಷಧಿ ಒಳ್ಳೆಯದೇ ಆಗಿದ್ದರೆ ಇಷ್ಟು ವರ್ಷ ನೋಡುವುದು ಯಾಕೆ? ಇವರ ಮೇಲೆ ಪ್ರಯೋಗ ಮಾಡುತ್ತಾರಾ?" ಎಂದು ಕೇಳುತ್ತಾರೆ. ಅವರಿಗೆ ಸಮಾಧಾನವಾಗುವಂತೆ ವಿವರಿಸಲು ನನಗೆ ಸಾಧ್ಯವಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಔಷಧಶಾಸ್ತ್ರ ಬೋಧಕ, ಉಡುಪಿ

ನಿಮ್ಮ ಅತ್ತೆಯವರ ಪ್ರಶ್ನೆ ನ್ಯಾಯವಾದದ್ದು. ಅದನ್ನು ಕೇಳದೆ ಯಾರೂ ಸಹಿ ಹಾಕಬಾರದು ಎಂದೇ ನಾನು ಹೇಳುತ್ತೇನೆ.

ಯಕೃತ್ತಿನಲ್ಲಿ ತಯಾರಾಗುವ ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನ್ ನಾಲ್ಕು ತುಂಡುಗಳು ಕೂಡಿಕೊಂಡು ರಕ್ತದಲ್ಲಿ ಸಂಚರಿಸುತ್ತದೆ. ಈ ರೋಗದಲ್ಲಿ ಆ ಜೋಡಣೆ ಬಿಟ್ಟುಕೊಂಡು, ಬಿಡಿಯಾದ ತುಂಡುಗಳು ಹೃದಯದ ಸ್ನಾಯುವಿನಲ್ಲಿ ಶೇಖರವಾಗುತ್ತವೆ. ಟಫಮಿಡಿಸ್ ಆ ಜೋಡಣೆ ಬಿಚ್ಚದಂತೆ ಹಿಡಿದಿಡುತ್ತದೆ. 2018ರಲ್ಲಿ ಪ್ರಕಟವಾದ ಮುಖ್ಯ ಪ್ರಯೋಗದಲ್ಲಿ 441 ರೋಗಿಗಳಿದ್ದರು, ಅವರಲ್ಲಿ 264 ಮಂದಿ ಟಫಮಿಡಿಸ್ ಪಡೆದವರು. 30 ತಿಂಗಳಲ್ಲಿ ಔಷಧಿ ಪಡೆದವರಲ್ಲಿ ಶೇ. 29.5 ಮಂದಿ ತೀರಿಕೊಂಡರೆ, ಪಡೆಯದವರಲ್ಲಿ ಶೇ. 42.9 ಮಂದಿ ತೀರಿಕೊಂಡರು. ಇದರ ಆಧಾರದಲ್ಲಿ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪ್ರಯೋಜನದ ಬಗ್ಗೆ ಸಂದೇಹವಿಲ್ಲ.

ಆದರೆ 264 ಎಂಬ ಸಂಖ್ಯೆಯನ್ನು ಸ್ವಲ್ಪ ಗಮನಿಸಿ. ಸಾವಿರಕ್ಕೊಬ್ಬರಿಗೆ ಮಾತ್ರ ಆಗುವ ಒಂದು ದುಷ್ಪರಿಣಾಮ ಇದೆ ಎಂದಿಟ್ಟುಕೊಂಡರೆ, ಅಷ್ಟು ಜನರಲ್ಲಿ ಅದು ಒಮ್ಮೆಯಾದರೂ ಕಾಣಿಸಿಕೊಳ್ಳುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಅದನ್ನು ಹೆಚ್ಚುಕಡಿಮೆ ಖಚಿತವಾಗಿ ಕಾಣಲು ಸುಮಾರು 3,000 ಜನರನ್ನು ಗಮನಿಸಬೇಕಾಗುತ್ತದೆ. ರಕ್ತದೊತ್ತಡದ ಮಾತ್ರೆಗೆ ಅಷ್ಟು ಜನ ಸುಲಭವಾಗಿ ಸಿಗುತ್ತಾರೆ. ಅಪರೂಪದ ರೋಗದಲ್ಲಿ, ಅನುಮತಿಯ ನಂತರ ಊರೂರುಗಳಲ್ಲಿ ಔಷಧಿ ಸೇವಿಸುವವರ ವಿವರವನ್ನು ಒಂದೆಡೆ ಸೇರಿಸದೆ ಬೇರೆ ದಾರಿಯೇ ಇಲ್ಲ. ಮೇಲಾಗಿ ಆ ಪ್ರಯೋಗದಲ್ಲಿದ್ದವರು ಬಹುಪಾಲು ಬಿಳಿಯ ಗಂಡಸರು. ನಮ್ಮ ಕರಾವಳಿಯ ಹಿರಿಯರ ಅನುಭವ ಅದರಲ್ಲಿ ಇಲ್ಲವೆಂದೇ ಹೇಳಬಹುದು, ಮತ್ತು ಈ ಕೊರತೆ ನನ್ನನ್ನು ನಿಜವಾಗಿಯೂ ಕಾಡುತ್ತದೆ.

ಇನ್ನೊಂದು ತೊಡಕಿದೆ. ಈ ವಯಸ್ಸಿನಲ್ಲಿ ಬೀಳುವುದು, ಹೃದಯದ ಬಡಿತ ತಪ್ಪುವುದು, ನೀರು ತುಂಬಿಕೊಳ್ಳುವುದು ಇವೆಲ್ಲ ರೋಗದಿಂದಲೇ ಆಗುತ್ತವೆ. ಒಬ್ಬ ರೋಗಿಯನ್ನು ಮಾತ್ರ ನೋಡಿ ಇದು ರೋಗದ್ದೋ ಔಷಧಿಯದ್ದೋ ಎಂದು ಯಾವ ವೈದ್ಯರೂ ಹೇಳಲಾರರು. ನೂರಾರು ಜನರ ದಾಖಲೆಯನ್ನು ವರ್ಷಗಟ್ಟಲೆ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಸುಳಿವು ಸಿಗುತ್ತದೆ. ನೋಂದಣಿಯಲ್ಲಿ ಸಾಮಾನ್ಯವಾಗಿ ಹೊಸ ಔಷಧಿ ಕೊಡುವುದಾಗಲಿ, ಚೀಟಿ ಎತ್ತಿದಂತೆ ರೋಗಿಗಳನ್ನು ಗುಂಪು ಮಾಡುವುದಾಗಲಿ ಇರುವುದಿಲ್ಲ. ವೈದ್ಯರು ಹೇಗೂ ಮಾಡುವ ಚಿಕಿತ್ಸೆಯ ವಿವರವನ್ನು ಬರೆದಿಡುತ್ತಾರೆ ಅಷ್ಟೆ. ನಿಮಗೆ ಕೊಟ್ಟ ಪತ್ರದಲ್ಲಿಯೂ ಹಾಗೆಯೇ ಇದೆಯೇ ಎಂದು ಓದಿ ನೋಡಿ.

ಉತ್ತರ: ಮಂಗಳೂರಿನಿಂದ

ನನ್ನ ತಂದೆಯವರು ಇದೇ ಔಷಧಿಯಲ್ಲಿದ್ದಾರೆ. ಒಂದು ವಿಷಯ ಮೊದಲೇ ಗೊತ್ತಿದ್ದರೆ ನಿಮಗೆ ಗಾಬರಿ ತಪ್ಪುತ್ತದೆ. ಅವರ ಥೈರಾಯ್ಡ್ ವರದಿಯಲ್ಲಿ ಟಿ4 (ಥೈರಾಕ್ಸಿನ್ ಎಂಬ ಥೈರಾಯ್ಡ್ ಹಾರ್ಮೋನು) ಅಂಕೆಯ ಪಕ್ಕ ಕೆಳಮುಖದ ಬಾಣದ ಗುರುತು ಬಂತು, ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನು ಸರಿಯಾಗಿಯೇ ಇತ್ತು. ಸಂಬಂಧಿಕರೊಬ್ಬರು ಕೂಡಲೇ ಥೈರಾಯ್ಡ್ ಮಾತ್ರೆ ಶುರುಮಾಡಿ ಎಂದರು. ಹೃದ್ರೋಗ ತಜ್ಞರು, ಟ್ರಾನ್ಸ್‌ಥೈರೆಟಿನ್ ಮೇಲೆ ಥೈರಾಕ್ಸಿನ್ ಕೂರುವ ಜಾಗದಲ್ಲಿಯೇ ಟಫಮಿಡಿಸ್ ಹೋಗಿ ಕೂರುವುದರಿಂದ ಒಟ್ಟು ಟಿ4 ಕಡಿಮೆ ತೋರಿಸಬಹುದು, ಟಿಎಸ್‌ಎಚ್ ಬದಲಾಗದಿದ್ದರೆ ಅದು ಥೈರಾಯ್ಡ್ ಕಾಯಿಲೆಯಲ್ಲ ಎಂದು ತಿಳಿಸಿದರು. ಮೊದಲು ಔಷಧಿ ಪಡೆದವರ ವರದಿಗಳನ್ನು ಯಾರೋ ಜತನದಿಂದ ನೋಡಿದ್ದರಿಂದಲೇ ಈ ಮಾತು ಇಂದು ನಮಗೆ ಗೊತ್ತಿದೆಯಲ್ಲವೇ?

ಮನೆಯಲ್ಲಿ ಒಂದು ಪುಸ್ತಕ ಇಡಿ. ಬೆಳಗಿನ ತೂಕ, ಕಾಲಿನ ಬಾವು, ಬಿದ್ದದ್ದು, ಭೇದಿಯಾದದ್ದು, ಹೊಸದಾಗಿ ಸೇರಿದ ಮಾತ್ರೆ ಎಲ್ಲವನ್ನೂ ತಾರೀಕಿನೊಂದಿಗೆ ಬರೆಯಿರಿ. ಕಷಾಯಗಳನ್ನೂ ಬಿಡಬೇಡಿ. ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ಕೆತ್ತೆಯ ಕಷಾಯವನ್ನು ನಮ್ಮಲ್ಲಿ ಯಾರೂ ಔಷಧಿಯೆಂದು ವೈದ್ಯರ ಬಳಿ ಹೇಳುವುದಿಲ್ಲ, ಆದರೆ ಮರುದಿನ ಹೊಟ್ಟೆ ಕೆಟ್ಟರೆ ಕ್ಯಾಪ್ಸೂಲಿನ ಮೇಲೆ ಅನುಮಾನ ಬರುತ್ತದೆ.

ಉತ್ತರ: ಔಷಧಿ ಅಂಗಡಿಯವರು, ಉಡುಪಿ

ಮಾವನವರು ಕೊಲೆಸ್ಟರಾಲಿಗೆ ರೋಸುವಾಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ನೆನಪಿಸಿ. ಟಫಮಿಡಿಸ್ ಜೊತೆಗೆ ಅದರ ಪ್ರಮಾಣ ರಕ್ತದಲ್ಲಿ ಏರುತ್ತದೆ. 61 ಮಿ.ಗ್ರಾಂ.ನ ಒಂದು ಕ್ಯಾಪ್ಸೂಲ್, ಇದೇ ಔಷಧಿಯ ಇನ್ನೊಂದು ರೂಪವಾದ ಟಫಮಿಡಿಸ್ ಮೆಗ್ಲುಮಿನ್‌ನ 20 ಮಿ.ಗ್ರಾಂ. ಕ್ಯಾಪ್ಸೂಲ್ ನಾಲ್ಕಕ್ಕೆ ಸಮ. ಅಂಕೆ ನೋಡಿ ಮನೆಯಲ್ಲಿ ಲೆಕ್ಕ ಹಾಕಿ ಬದಲಾಯಿಸಬಾರದು. ಒಡೆಯದೆ, ಇಡಿಯಾಗಿಯೇ ನುಂಗಬೇಕು.

ನೋಂದಣಿಗೆ ಸೇರದಿದ್ದರೂ ದುಷ್ಪರಿಣಾಮವನ್ನು ತಿಳಿಸುವ ದಾರಿ ಎಲ್ಲರಿಗೂ ಇದೆ. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದ್‌ನಲ್ಲಿದೆ. 1800-180-3024 ಅದರ ಉಚಿತ ಸಹಾಯವಾಣಿ. ರೋಗಿಗಳಿಗಾಗಿಯೇ ಇರುವ ನಮೂನೆ ಕನ್ನಡದಲ್ಲಿಯೂ ಸಿಗುತ್ತದೆ. ಔಷಧಿಯಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಾಗಿಲ್ಲ, ಅನುಮಾನ ಇದ್ದರೆ ಸಾಕು.

ಪ್ರಶ್ನೆ ಕೇಳಿದವರು: ಬ್ರಹ್ಮಾವರ

ಎಲ್ಲರಿಗೂ ವಂದನೆಗಳು. ಮೂರು ಸಾವಿರದ ಲೆಕ್ಕವನ್ನು ಓದಿ ಹೇಳಿದಾಗ ಅತ್ತೆಯವರು ಸ್ವಲ್ಪ ಹೊತ್ತು ಯೋಚಿಸಿ, "ನಡುವೆ ಬೇಡವೆನಿಸಿದರೆ ಬಿಡಬಹುದಾ? ಆಗ ಔಷಧಿ ನಿಲ್ಲಿಸಿಬಿಡುತ್ತಾರಾ?" ಎಂದು ಕೇಳಿದರು.

ಉತ್ತರ: ಔಷಧಶಾಸ್ತ್ರ ಬೋಧಕ, ಉಡುಪಿ

ಯಾವಾಗ ಬೇಕಾದರೂ, ಕಾರಣ ಹೇಳದೆಯೇ ಬಿಡಬಹುದು; ಅದಕ್ಕಾಗಿ ಚಿಕಿತ್ಸೆಯಲ್ಲಿ ಕಡಿತ ಮಾಡುವಂತಿಲ್ಲ. ಈ ಮಾತು ಒಪ್ಪಿಗೆ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು, ನೈತಿಕ ಸಮಿತಿಯನ್ನು ಸಂಪರ್ಕಿಸುವ ವಿವರವೂ ಇರಬೇಕು. ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ, ಅತ್ತೆಯವರನ್ನೂ ಎದುರಿಗೆ ಕೂರಿಸಿಕೊಂಡು ಓದಿಸಿ, ಸಹಿಯಾದ ಮೇಲೆ ಒಂದು ಪ್ರತಿಯನ್ನು ಮನೆಗೆ ತನ್ನಿ.