ಕಲ್ಲಿನ ಮನ್ಯಾಗ ವೈಫೈ ಹಿಂದಿನ ಖೋಲಿಗೆ ಬರವಲ್ದು, ಏನ್ ಮಾಡ್ಬೇಕ್ರಿ?

ಬಾದಾಮಿಯವ: ನಮಸ್ಕಾರ್ರಿ, ನಮ್ದು ಹಳೇ ಕಲ್ಲಿನ ಮನಿ, ಗ್ವಾಡಿ ಭಾಳ ದಪ್ಪ ಅದಾವ. ಫೈಬರ್ ಹಾಕ್ಸೀವಿ, ಹುಡುಗ ಬಂದು ರೌಟರ್ ಪಡಸಾಲಿ ಮೂಲ್ಯಾಗ ಟಿವಿ ಹಿಂದ ಇಟ್ಟು ಹೋದ, ಅಲ್ಲಿ ಚಲೋ ಓಡ್ತೈತಿ ಆದ್ರ ಹಿಂದಿನ ಖೋಲ್ಯಾಗ ತಂಗಿ ಪಿಯುಸಿ ಕ್ಲಾಸ್ ನೋಡಾಕ ಕುಂತ್ರ ಬರೇ ತಿರಗಾಕತ್ತಿರ್ತೈತಿ. ಹೊಸಾ ರೌಟರ್ ತಗೋಬೇಕೇನ್ರಿ?

ಇಳಕಲ್ ಮಂದಿ: ಈಗ್ಲೇ ರೊಕ್ಕ ಹಾಕಬ್ಯಾಡ್ರಿ ಅಣ್ಣಾರ. ಮೊದ್ಲ ಟಿವಿ ಹಿಂದಿಂದ ತಗದು ನಡುಮನಿ ಬಾಗಲ ಹತ್ರ ಎತ್ತರಕ್ಕ ಇಡ್ರಿ, ಕಲ್ಲು ದಾಟೂದಕ್ಕಿಂತ ಬಾಗಲದಾಗ ಹಾಯ್ದು ಹೋಗೂದು ಸಿಗ್ನಲ್‌ಗೆ ಸಲೀಸ. ತಂಗಿ ಫೋನ್ 5 ಗಿಗಾಹರ್ಟ್ಸ್‌ಗೆ ಕನೆಕ್ಟ್ ಆಗಿದ್ರ 2.4ಕ್ಕ ಹಾಕ್ರಿ (ಇವು ರೌಟರ್ ಕೊಡೂ ಎರಡು ನಮೂನಿ ವೈಫೈ), 5ರಾಗ ಸ್ಪೀಡ್ ಜಾಸ್ತಿ ಖರೆ, ಆದ್ರ ಗ್ವಾಡಿ ಬಂದ್ರ ಲಗೂನ ಸೋಲ್ತೈತಿ. ಸುತ್ತಮುತ್ತ ಮನ್ಯಾಗ ವೈಫೈ ಭಾಳ ಇದ್ರ 2.4ರ ಚಾನಲ್ (ವೈಫೈ ಸಿಗ್ನಲ್ ಹೋಗೂ ದಾರಿ) 1, 6, 11ರಾಗ ಖಾಲಿ ಇದ್ದದ್ದು ನೋಡಿ ಇಡ್ರಿ.

ವಿಜಯಪುರ: ಮ್ಯಾಲಿನವ್ರು ಹೇಳಿದ್ದು ಮಾಡಿ ನೋಡ್ರಿ, ಆದ್ರೂ ಕಲ್ಲಿನ ಮನಿಗೆ ಖಾಯಂ ದಾರಿ ಅಂದ್ರ ಕೇಬಲ್ಲ. ಲ್ಯಾನ್ ಕೇಬಲ್ 100 ಮೀಟರ್ ತನಕ ಆರಾಮ ನಡೀತೈತಿ, ಕಿಡಕ್ಯಾಗಿಂದ ಎಳದು ಹಿಂದಿನ ಖೋಲ್ಯಾಗ ಹಳೇ ರೌಟರ್ ಆಕ್ಸೆಸ್ ಪಾಯಿಂಟ್ ಮೋಡ್‌ನ್ಯಾಗ ಹಚ್ರಿ (ಅಂದ್ರ ಅದು ಮೇನ್ ರೌಟರ್‌ದ ನೆಟ್ಟನ್ನ ಅಲ್ಲಿ ವೈಫೈ ಮಾಡಿ ಕೊಡ್ತೈತಿ). ರಿಪೀಟರ್ (ವೈಫೈ ಸಿಗ್ನಲ್ ಹಿಡದು ಮುಂದ ಕಳಸೂ ಡಬ್ಬಿ) ತಂದ್ರ ಅದನ್ನ ಸಿಗ್ನಲ್ ಇಲ್ಲದ ಖೋಲ್ಯಾಗ ಇಡಬ್ಯಾಡ್ರಿ, ಅದಕ್ಕ ಸಿಗದಿದ್ರ ನಿಮಗೇನ್ ಕೊಡ್ತೈತಿ, ನಡುವ ಇಡಬೇಕು.

ಬಾದಾಮಿಯವ: ಹಳೇ ರೌಟರ್ ಐತ್ರಿ, ಆದ್ರ ಅದ್ರಾಗ ಆ ಮೋಡ್ ಕಾಣವಲ್ದು.

ವಿಜಯಪುರ: ಹಂಗಾದ್ರ ಅದ್ರಾಗ ಡಿಎಚ್‌ಸಿಪಿ (ಫೋನ್‌ಗಳಿಗೆ ಐಪಿ ನಂಬರ್ ಹಂಚೂ ಸೆಟ್ಟಿಂಗ್) ಬಂದ್ ಮಾಡ್ರಿ, ಅದರ ಐಪಿ (ನೆಟ್‌ವರ್ಕ್‌ನ್ಯಾಗಿನ ವಿಳಾಸದ ನಂಬರ್) ಮೇನ್ ರೌಟರ್‌ದಕ್ಕಿಂತ ಬ್ಯಾರೆ ಇಡ್ರಿ (ಅದು 192.168.1.1 ಇದ್ರ ಇದು 192.168.1.2, ಆ ನಂಬರ್ ಬ್ಯಾರೆ ಯಾವುದಕ್ಕೂ ಹೋಗಿರಬಾರ್ದು), ಕೇಬಲ್ ವ್ಯಾನ್‌ (ಹೊರಗಿಂದ ಇಂಟರ್ನೆಟ್ ಬರೂ) ಪೋರ್ಟಿಗೆ ಅಲ್ಲ, ಲ್ಯಾನ್ ಪೋರ್ಟಿಗೇ ಚುಚ್ರಿ. ಅಡ್ಮಿನ್ ಪಾಸ್ವರ್ಡೂ ಎರಡರಾಗೂ ಬದಲು ಮಾಡ್ರಿ.