‘ಅಳಿವಿನಂಚು’ ಎಂಬ ಒಂದೇ ಪದ ಮೂರು ದರ್ಜೆಗಳಿಗೆ ಸಾಕೇ?

ಮಿತ್ರರಿಗೆ ನಮಸ್ಕಾರ.

ಮೈಸೂರಿನ ಕುವೆಂಪುನಗರದಲ್ಲಿ ಮಕ್ಕಳಿಗಾಗಿ ನಡೆಯಲಿರುವ ಕಡಲಜೀವಿ ಪ್ರದರ್ಶನಕ್ಕೆ ಫಲಕಗಳನ್ನು ಬರೆಯುತ್ತಿದ್ದೇನೆ. ಒಂದರಲ್ಲಿ ದೈತ್ಯ ಮಾಂಟಾ ಮೀನು ಮತ್ತು ಲೆದರ್‌ಬ್ಯಾಕ್ ಕಡಲಾಮೆ ಅಕ್ಕಪಕ್ಕ ಇವೆ. ಮೊದಲನೆಯದನ್ನು ‘ಮಾಂಟಾ ತೊರಕೆ’ ಎಂದಿದ್ದೇನೆ, ಎರಡನೆಯದು ‘ತೊಗಲಾಮೆ’. ಆ ಆಮೆಯ ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ, ಏಳು ಏಣುಗಳಿರುವ ತೊಗಲಿದೆ, ಹಾಗಾಗಿ ಆ ಹೆಸರಿನ ಬಗ್ಗೆ ನನಗೆ ಅಳುಕಿಲ್ಲ.

ಅಳುಕಿರುವುದು ಹೆಸರಿನ ಕೆಳಗಿನ ಸಾಲಿನ ಬಗ್ಗೆ. ಎರಡಕ್ಕೂ ‘ಅಳಿವಿನಂಚಿನಲ್ಲಿರುವ ಪ್ರಾಣಿ’ ಎಂದು ಬರೆದು ಕೈತೊಳೆದುಕೊಳ್ಳಬಹುದು. ಪತ್ರಿಕೆಗಳು ಹುಲಿಯಿಂದ ಗುಬ್ಬಚ್ಚಿಯವರೆಗೆ ಹಾಗೆಯೇ ಬರೆಯುತ್ತವೆ. ಆದರೆ ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಇವೆರಡರ ದರ್ಜೆ ಬೇರೆ. ದೈತ್ಯ ಮಾಂಟಾ ‘ಎಂಡೇಂಜರ್ಡ್’. ತೊಗಲಾಮೆ ಒಟ್ಟು ಜಗತ್ತಿನ ಲೆಕ್ಕದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಈಚೆ, ಅಂದರೆ ಕಡಿಮೆ ಅಪಾಯದ ‘ವಲ್ನರಬಲ್’. ಅದೇ ಆಮೆಯ ಪೂರ್ವ ಪೆಸಿಫಿಕ್ ಬಳಗವಾದರೋ ‘ಎಂಡೇಂಜರ್ಡ್’ಗಿಂತಲೂ ಒಂದು ಮೆಟ್ಟಿಲು ಆಚೆ, ‘ಕ್ರಿಟಿಕಲಿ ಎಂಡೇಂಜರ್ಡ್’. ಮೂರಕ್ಕೂ ‘ಅಂಚು’ ಎಂದರೆ ಅಂಚಿಗೆ ಅರ್ಥವೇ ಉಳಿಯುವುದಿಲ್ಲ.

ವ್ಯತ್ಯಾಸ ಬರಿಯ ಪಟ್ಟಿಯದಲ್ಲ, ಬದುಕಿನದು. ಏಳು ಮೀಟರ್‌ವರೆಗೆ ಅಗಲ ಹರಡುವ ಮಾಂಟಾ, ವರ್ಷಕ್ಕೂ ಮಿಕ್ಕಿದ ಬಸಿರಿನ ನಂತರ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದೂ ಕೆಲವು ವರ್ಷಗಳಿಗೊಮ್ಮೆ. ಚೀನೀ ಔಷಧದ ಹೆಸರಿನಲ್ಲಿ ಅದರ ಕಿವಿರಿನ ಪಟ್ಟಿಗಳಿಗೆ ಬೆಲೆ ಬಂದ ಮೇಲೆ, ಹಿಡಿದಷ್ಟನ್ನು ಹುಟ್ಟು ತುಂಬಿಕೊಡಲಾರದು. ತೊಗಲಾಮೆ ಒಂದು ಗೂಡಿಗೆ ಎಂಬತ್ತರಿಂದ ನೂರು ಮೊಟ್ಟೆ ಇಡುತ್ತದೆ. ಗ್ರೇಟ್ ನಿಕೋಬಾರಿನ ಗಲಾಥಿಯಾ ತೀರ ನಮ್ಮ ದೇಶದಲ್ಲಿ ಅದರ ಮುಖ್ಯ ಗೂಡುದಾಣ. ಅದಕ್ಕೆ ಮೊಟ್ಟೆಗಳ್ಳರು, ಬಲೆ, ಅಂಬಲಿಮೀನು (ಜೆಲ್ಲಿಫಿಶ್) ಎಂದು ನುಂಗುವ ಪ್ಲಾಸ್ಟಿಕ್ ಚೀಲ ಶತ್ರುಗಳು.

‘ವಲ್ನರಬಲ್’ಗೆ ‘ದುರ್ಬಲ’ ಎಂದು ಬರೆದದ್ದನ್ನು ಕಂಡಿದ್ದೇನೆ. ಐದು ಕ್ವಿಂಟಲ್ ತೂಗುವ, ಕಿಲೋಮೀಟರಿಗೂ ಆಳಕ್ಕೆ ಮುಳುಗುವ ಪ್ರಾಣಿಯನ್ನು ದುರ್ಬಲ ಎನ್ನಲು ನನ್ನ ಪೆನ್ನು ಒಪ್ಪುವುದಿಲ್ಲ. ‘ಅಪಾಯಕ್ಕೀಡಾಗಬಹುದಾದ’ ಸರಿ, ಆದರೆ ಆ ಪದವನ್ನು ಓದಿ ಮುಗಿಸುವಷ್ಟರಲ್ಲಿ ಮಗು ಮುಂದಿನ ಫಲಕಕ್ಕೆ ಹೋಗಿರುತ್ತದೆ.

ಸದ್ಯಕ್ಕೆ ನನಗೆ ತೋಚಿರುವುದು ಇಷ್ಟು: ಮೊದಲ ದರ್ಜೆ ‘ವಲ್ನರಬಲ್’ಗೆ ‘ಅಳಿವಿನ ಭೀತಿ’, ಎರಡನೆಯದಾದ ‘ಎಂಡೇಂಜರ್ಡ್’ಗೆ ‘ಅಳಿವಿನ ಹಾದಿ’, ಮೂರನೆಯದಾದ ‘ಕ್ರಿಟಿಕಲಿ ಎಂಡೇಂಜರ್ಡ್’ಗೆ ಮಾತ್ರ ‘ಅಳಿವಿನಂಚು’. ಹೀಗೆ ಮಾಡಿದರೆ 2018ರಲ್ಲಿ ಮೂರನೆಯ ದರ್ಜೆಗೆ ಸೇರಿದ ಕಾವೇರಿಯ ಡುಬ್ಬದ ಮಹಶೀರ್ ಮೀನು, ಒಟ್ಟು ಜಗತ್ತಿನ ಲೆಕ್ಕದಲ್ಲಿ ಈ ಎರಡು ಕಡಲ ದೈತ್ಯರಿಗಿಂತ ಹೆಚ್ಚಿನ ಅಪಾಯದಲ್ಲಿದೆ ಎಂಬುದನ್ನೂ ಮಕ್ಕಳಿಗೆ ಹೇಳಬಹುದು. ‘ಭೀತಿ’ ಎಂದರೆ ಪ್ರಾಣಿಯೇ ಹೆದರಿದೆ ಎಂಬ ಅರ್ಥ ಬರುತ್ತದೆಯೇ? ಅರಣ್ಯ ಇಲಾಖೆಯ ಕನ್ನಡ ಕಡತಗಳನ್ನು ನೋಡಿರುವವರು, ಅಲ್ಲಿ ಈ ಮೂರನ್ನು ಬೇರೆ ಬೇರೆಯಾಗಿ ಬರೆಯುತ್ತಾರೆಯೇ ಎಂದು ತಿಳಿಸಿ.

ಇನ್ನೊಂದು ಸಣ್ಣ ಪ್ರಶ್ನೆ. ‘ತೊರಕೆ’ ಕರಾವಳಿಯವರಿಗೆ ಮನೆಮಾತು, ಮೈಸೂರು ಮಂಡ್ಯದ ಓದುಗರಿಗೆ ಹೊಸತು. ಹಾಗೆಂದು ‘ರೇ ಮೀನು’ ಎನ್ನಲು ನನಗೆ ಮನಸ್ಸಿಲ್ಲ. ತೊರಕೆಯನ್ನೇ ಉಳಿಸಿ, ಪಕ್ಕದಲ್ಲಿ ‘ಚಪ್ಪಟೆ ಮೈಯ ಮೀನು’ ಎಂದು ಸೇರಿಸಿದರೆ ಸಾಲದೇ?