ಹಳೇ ಹೊನ್ನೆ ಬಾಗಿಲು, ಹೊಸ ಪೇಂಟಿನ ಕಪಾಟು: ಒಂದೇ ಅಡುಗೆಮನೆಯಲ್ಲಿ ಹೊಂದುತ್ತಾ?

ಪ್ರಶ್ನೆ: ಆಚಾರ್ರೇ, ನಮಸ್ಕಾರ. ಸಾಗರದ ಹತ್ತಿರ ನಮ್ಮ ಮನೆ. ಅಡುಗೆಮನೆ ರಿಪೇರಿ ಮಾಡಿಸಬೇಕು ಅಂತಿದ್ದೇವೆ. ಕಟ್ಟೆ ಕೆಳಗೆ ಮಾವನವರ ಕಾಲದ ಹೊನ್ನೆ ಮರದ ಆರು ಬಾಗಿಲುಗಳಿವೆ. ಗಟ್ಟಿಯಾಗಿವೆ, ಆದರೆ ಹೊಗೆ, ಎಣ್ಣೆ ಕೂತು ಕಪ್ಪಾಗಿವೆ. ಮೇಲಿನ ಸಾಲು ಹೊಸದಾಗಿ ಪ್ಲೈವುಡ್ಡಲ್ಲಿ ಆಗಬೇಕು. ಎಲ್ಲಕ್ಕೂ ಬಿಳಿ ಪೇಂಟ್ ಹೊಡೆಸು ಅಂತಾನೆ ಮಗ. ಮರ ಮುಚ್ಚೋಕೆ ನನಗೆ ಮನಸ್ಸಿಲ್ಲ. ಕೆಳಗೆ ಪಾಲಿಶ್, ಮೇಲೆ ಪೇಂಟ್ ಮಾಡಿದರೆ ಅರ್ಧಂಬರ್ಧ ಕೆಲಸದ ಹಾಗೆ ಕಾಣುತ್ತಾ?

ಉತ್ತರ: ಅಕ್ಕಾ, ಆ ಬಾಗಿಲುಗಳಿಗೆ ದಯವಿಟ್ಟು ಪೇಂಟ್ ಹೊಡೆಸಬೇಡಿ. ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗ್ಗೆ ಬಣ್ಣ ಬಿಟ್ಟಿರುತ್ತದಲ್ಲ, ಅದೇ ಗುಣ ಬಾಗಿಲಿನ ಮರದಲ್ಲೂ ಇದೆ. ನೀರಿನ ಪ್ರೈಮರ್ ಹಚ್ಚಿದರೆ ಹಳದಿ ಕಲೆ ಬಿಳಿ ಪೇಂಟಿನ ಮೇಲೆ ಏಳುತ್ತದೆ. ಇನ್ನೊಂದು, ನಿಮ್ಮ ಕಡೆ ಮಳೆಗಾಲದಲ್ಲಿ ಮರ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಚೌಕಟ್ಟು, ಹಲಗೆ ಸೇರುವ ಕಡೆ ಪೇಂಟ್ ಗೆರೆಗೆರೆಯಾಗಿ ಬಿರಿಯುತ್ತೆ. ಪಾಲಿಶಿನಲ್ಲಿ ಅದು ಎದ್ದು ಕಾಣೋದಿಲ್ಲ.

ಬಾಗಿಲು ಬಿಚ್ಚಿಸಿ ಜಿಡ್ಡು ತೆಗೆಸಿ, 120, 180, 220 ನಂಬರಿನ ಉಪ್ಪುಕಾಗದದಲ್ಲಿ ಎಳೆಯ ಉದ್ದಕ್ಕೇ ಉಜ್ಜಿಸಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಆದಮೇಲೇ ಕಾಣೋದು. ಆಗ ಏನೂ ಮಾಡೋಕಾಗಲ್ಲ. ಕಪ್ಪು ಹೋದಮೇಲೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಿ. ಜೇನುತುಪ್ಪದಂಥ ಕಂದು ಹೊಳೆಯುತ್ತೆ, ಪಾಲಿಶ್ ಆದಮೇಲೆ ಹೆಚ್ಚುಕಮ್ಮಿ ಅದೇ ಬಣ್ಣ. ಅದರ ಮೇಲೆ ವಾಲ್ನಟ್ ಸ್ಟೇನ್ (ಮರಕ್ಕೆ ಗಾಢ ಕಂದು ಬಣ್ಣ ಹಿಡಿಸುವ ದ್ರಾವಣ) ಬಳಿಯೋದು ಬೇಡ. ಒಂದೆರಡು ಪಟ್ಟಿ ಹೊಸ ಮರದ್ದು ಹಾಕಬೇಕಾಗಿ ಬಂದರೆ ಸ್ಟೇನ್ ಆ ಪಟ್ಟಿಗೆ ಮಾತ್ರ, ಹಳೆಯದಕ್ಕೆ ಹೊಂದುವ ಹಾಗೆ. ಆಮೇಲೆ ಮರದ ಸಣ್ಣ ರಂಧ್ರ ಮುಚ್ಚೋ ಸೀಲರ್, ಮೇಲೆ ಮ್ಯಾಟ್ ಪಿಯು, ಅಂದರೆ ಹೊಳಪಿಲ್ಲದ ಪಾಲಿಯುರೆಥೇನ್ ಪಾಲಿಶ್. ಬಾಗಿಲಿನ ಹಿಂಬದಿಗೂ ಕೆಳಅಂಚಿಗೂ ಹಚ್ಚಿಸಲೇಬೇಕು. ಸಿಂಕಿನ ನೀರು ಇಳಿದು ನಿಲ್ಲೋದು ಅಂಚಿನಲ್ಲೇ, ಮರ ಮೊದಲು ಹಾಳಾಗೋದೂ ಅಲ್ಲಿಂದಲೇ.

ಅರ್ಧಂಬರ್ಧ ಕಾಣೋದು ಮೇಲಿನದಕ್ಕೂ ಕೆಳಗಿನದಕ್ಕೂ ಸಂಬಂಧವೇ ಇಲ್ಲದಾಗ. ಟ್ಯೂಬ್‌ಲೈಟಿನಂಥ ಬಿಳಿ ಬೇಡ, ಹೊನ್ನೆ ಪಕ್ಕದಲ್ಲಿ ಅದು ನೀಲಿ ಹೊಡೆಯುತ್ತೆ. ಹಾಲಿನ ಕೆನೆ ಬಣ್ಣ ತಗೊಳ್ಳಿ. ಎರಡೂ ಸಾಲಿಗೆ ಒಂದೇ ಹಿತ್ತಾಳೆ ಹಿಡಿ. ಮೇಲೆ ಒಂದು ಕಡೆ ಬಾಗಿಲಿಲ್ಲದೆ ಬರೀ ಹೊನ್ನೆ ಹಲಗೆ ಹಾಕಿಸಿ, ಅಟ್ಟದಲ್ಲಿ ಹಳೇ ತುಂಡು ಇದ್ದೇ ಇರುತ್ತೆ. ಕೆಳಗಿನ ಮರ ಮೇಲೂ ಒಂದು ಕಡೆ ಕಂಡರೆ ಸಾಕು, ಕಣ್ಣು ಎರಡನ್ನೂ ಸೇರಿಸಿಕೊಳ್ಳುತ್ತೆ.

ಪ್ರಶ್ನೆ: ಒಲೆ ಪಕ್ಕ ಕೆನೆ ಬಣ್ಣ ಅಂದರೆ ಒಗ್ಗರಣೆ, ಅರಿಶಿನದ ಕೈ ಎಲ್ಲ ಅದರ ಮೇಲೇ ಅಲ್ವಾ?

ಉತ್ತರ: ಸರಿಯಾದ ಮಾತು. ಒಲೆಯ ನೇರ ಮೇಲೆ ಕಪಾಟೇ ಬೇಡ, ಚಿಮಣಿಗೆ ಬಿಡಿ. ಅಕ್ಕಪಕ್ಕದ್ದಕ್ಕೆ ಪಿಯು ಪೇಂಟೇ ಆಗಲಿ. ಅರಿಶಿನ ಹತ್ತಿದ ಕೂಡಲೇ ಸೋಪಿನ ನೀರಲ್ಲಿ ಒರೆಸಬೇಕು, ಒಣಗಿದರೆ ಹಟ ಹಿಡಿಯುತ್ತೆ. ಪ್ಲೈವುಡ್ ಐಎಸ್ 710 ಮುದ್ರೆ ಇರೋದೇ ತಗೊಳ್ಳಿ, ಅದು ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಗುರುತು.

ಇನ್ನೊಬ್ಬರ ಪ್ರಶ್ನೆ: ಅಣ್ಣಾ, ನಮ್ಮಲ್ಲಿ ಹಳೇ ಮರವೇ ಇಲ್ಲ. ಪ್ಲೈವುಡ್ಡಿಗೇ ಸ್ಟೇನ್ ಹೊಡೆದು ತೇಗದ ಹಾಗೆ ಮಾಡಬಹುದಾ?

ಉತ್ತರ: ಸಾದಾ ಪ್ಲೈವುಡ್ ಸ್ಟೇನನ್ನು ಒಂದೇ ಸಮ ಕುಡಿಯಲ್ಲ, ತೇಪೆ ತೇಪೆ ಆಗುತ್ತೆ. ತೇಗದ ವೆನೀರ್, ಅಂದರೆ ತೇಗದ ತೆಳು ಹಾಳೆ, ಅಂಟಿಸಿ ಪಾಲಿಶ್ ಮಾಡಿಸಿ, ಅಂಚಿಗೆ ತೇಗದ ಪಟ್ಟಿ ಹೊಡೆಸಿ. ವೆನೀರ್ ಕಾಗದದಷ್ಟು ತೆಳು, ಮಷೀನಲ್ಲಿ ಜೋರಾಗಿ ಉಜ್ಜಿದರೆ ಒಳಗಿನ ಪ್ಲೈವುಡ್ಡೇ ಕಾಣುತ್ತೆ. ಕೈಯಲ್ಲೇ ಉಜ್ಜೋಕೆ ಹೇಳಿ.

ಮೊದಲಿನವರು: ಈ ತಿಂಗಳೇ ಶುರು ಮಾಡಬಹುದಾ ಆಚಾರ್ರೇ? ಇಲ್ಲಿ ಮಳೆ ಬಿಟ್ಟಿಲ್ಲ.

ಉತ್ತರ: ಬಿಚ್ಚೋದು, ಉಜ್ಜೋದು ಈಗ ಆಗಲಿ ಅಕ್ಕಾ. ಪಾಲಿಶ್ ಮಾತ್ರ ದೀಪಾವಳಿ ಕಳೆದು ಬಿಸಿಲು ಬಂದಮೇಲೆ. ಥಂಡಿ ಗಾಳಿಯಲ್ಲಿ ಹೊಡೆದರೆ ಮೋಡ ಕಟ್ಟಿದ ಹಾಗೆ ಬೆಳ್ಳಗಾಗುತ್ತೆ. ಉಜ್ಜಿದ ಮೇಲೆ ಒಂದು ಬಾಗಿಲಿನ ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.